ಮುರಾಫಿಕ್ ಸಾಹೇಬರು

ಮಾರ್ಕರ್ ಪೆನ್ನಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನನಗೆ ಗೊತ್ತಿಲ್ಲ. ನನಗಂತೂ ಒಬ್ಬ ಹೆಂಗಸಿನ ಕುತ್ತಿಗೆ ನೆನಪಾಗುತ್ತದೆ.

ನಿನ್ನೆಯಿಂದ ಮನೆ ತುಂಬ ಅದೇ ವಾಸನೆ. ಮಂಗಳೂರಿನ ಈ ಬಾಡಿಗೆ ಮನೆ ಬಿಟ್ಟು ಮಗಳ ಕಾಲೇಜಿಗೆ ಹತ್ತಿರವಾಗುವ ಇನ್ನೊಂದು ಬಾಡಿಗೆ ಮನೆಗೆ ಹೊರಟಿದ್ದೇವೆ. ಸಾಮಾನು ಕಟ್ಟಲು ಬಂದವರು ರಟ್ಟಿನ ಪೆಟ್ಟಿಗೆಗಳಿಗೆಲ್ಲ ಟೇಪು ಎಳೆದು, ದಪ್ಪದೊಂದು ಮಾರ್ಕರ್ ನನ್ನ ಕೈಗಿಟ್ಟು, "ಮೇಲೆ ಹೆಸರು ಬರೀರಿ ಮೇಡಂ, ಇಲ್ಲಾಂದ್ರೆ ಲಾರಿಯಲ್ಲಿ ಬೇರೆಯವರ ಸಾಮಾನಿಗೆ ಸೇರಿ ಹೋಗ್ತದೆ" ಎಂದರು. ಇಂಥ ಮಾತನ್ನು ನನ್ನಂಥವಳ ಹತ್ತಿರ ಆಡಲೇಬಾರದು. ಗ್ಯಾಸು ಆರಿಸಿದೆನೇ ಎಂದು ನೋಡಲು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಬಂದವಳು ನಾನು; ಆರಿಸಿದ್ದನ್ನು ನೋಡಿ, ನೋಡುವ ಭರದಲ್ಲಿ ಮತ್ತೆ ಹಚ್ಚಿಬಿಟ್ಟೆನೋ ಎಂದು ಇನ್ನೊಮ್ಮೆ ವಾಪಸು ಬಂದವಳೂ ನಾನೇ.

ಪೆಟ್ಟಿಗೆಗಳ ಮೇಲೆಲ್ಲ ಮನೆಯವರ, ಅಂದರೆ ನನ್ನ ಗಂಡನ, ಹೆಸರು ಬರೆಯುತ್ತಾ ಹೋದೆ. ಕೊನೆಯದು ಪುಸ್ತಕಗಳ ಪೆಟ್ಟಿಗೆ. ಎಲ್ಲಕ್ಕಿಂತ ಮೇಲೆ, ಬೆನ್ನು ಹರಿದ ಆ ದಪ್ಪ ಪುಸ್ತಕವೇ ಇತ್ತು. ತೆರೆದೆ. ಕುತ್ತಿಗೆ ಅಲ್ಲೇ ಇತ್ತು, ಅಂದರೆ ಇರಲಿಲ್ಲ.

ಬಿಡಿಸಿ ಹೇಳುತ್ತೇನೆ. ಎಂಬತ್ತರ ದಶಕದ ನಡುವೆ, ಮದುವೆಯಾದ ಹೊಸತರಲ್ಲಿ, ನಾನು ಗಂಡನನ್ನು ಹಿಂಬಾಲಿಸಿ ಸೌದಿಗೆ ಹೋದೆ. ಅವರಿಗೆ ದಹ್ರಾನಿನಲ್ಲಿ ಒಂದು ಗುತ್ತಿಗೆ ಕಂಪನಿಯ ಲೆಕ್ಕ ಬರೆಯುವ ಕೆಲಸ. ನನಗೆ ಇಂಗ್ಲಿಷ್ ಎಂ.ಎ., ಮೇಲೆ ಅರ್ಧ ಮುಗಿದ ಒಂದು ಎಂ.ಫಿಲ್. ವಿಷಯ: ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬರೆಯುತ್ತಿದ್ದ ಹೆಂಗಸರು ಮತ್ತು ಅವರ ಪುಸ್ತಕಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಗಂಡಸರು. ನಗಬೇಡಿ. ಬ್ಯಾರಿ ಮನೆಯ ಹುಡುಗಿಗೆ ಈ ವಿಷಯ ಎಲ್ಲಿಂದ ಗಂಟು ಬಿತ್ತು ಎಂದು ನನ್ನ ಅತ್ತೆಯೂ ಕೇಳಿದ್ದರು. ಗೈಡ್ ಕೊಟ್ಟದ್ದು, ನಾನು ತಗೊಂಡದ್ದು. ಮದುವೆಯೂ ಹೆಚ್ಚು ಕಡಿಮೆ ಹಾಗೆಯೇ ಆಗಿತ್ತು.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆದ ಅಧಿಕಾರಿ ಉಪ್ಪಿನಕಾಯಿಯ ಭರಣಿಯನ್ನು ಬಿಟ್ಟು ಈ ದಪ್ಪ ಪುಸ್ತಕವನ್ನೇ ಎತ್ತಿಕೊಂಡ. ಮೊದಲ ಹಾಳೆಯಲ್ಲೇ ಆ ಕಾಲದ ಲೇಖಕಿಯೊಬ್ಬಳ ಚಿತ್ರ: ಎತ್ತರದ ಕೂದಲು, ಕೈಯಲ್ಲಿ ಗರಿಯ ಲೇಖನಿ, ಕುತ್ತಿಗೆ ತುಸು ಧಾರಾಳ. ಯಾರಿವಳು ಎಂದು ಕೇಳಿದ. "ಸತ್ತು ಇನ್ನೂರು ವರ್ಷ ಆಯಿತು" ಎಂದೆ. ನನ್ನ ಹೆದರಿಕೆಗೆ ಬಾಯಿಗೆ ಬಂದದ್ದು ಅಷ್ಟೇ. ಆತ ಜೇಬಿನಿಂದ ಕಪ್ಪು ಮಾರ್ಕರ್ ತೆಗೆದು, ಗಲ್ಲದಿಂದ ಕೆಳಕ್ಕೆ ನೀಟಾಗಿ ಬಣ್ಣ ತುಂಬಿದ. ಒಣಗಲೆಂದು ಎರಡು ಸಲ ಊದಿದ ಕೂಡ. ಮುಚ್ಚಿದರೆ ಆ ಕಡೆಯ ಹಾಳೆಗೆ ಅಂಟೀತು ಎಂಬ ಕಾಳಜಿ ಅದು. ಮರ್ಯಾದಸ್ಥ ಮನುಷ್ಯ.

ಆ ಕಡೆಯ ಹಾಳೆಯಲ್ಲಿ ಅವಳ ಪುಸ್ತಕದ ಮುಖಪುಟವನ್ನೇ ಅಚ್ಚು ಹಾಕಿದ್ದರು. ಬರೆದವರ ಹೆಸರು ಇರಬೇಕಾದ ಕಡೆ ಇದ್ದದ್ದು 'ಒಬ್ಬ ಮಹಿಳೆಯಿಂದ' ಎಂಬ ಮಾತು ಮಾತ್ರ. ಆ ಕಾಲದಲ್ಲಿ ಹಾಗೆಯೇ ವಾಡಿಕೆ. ಹೆಸರು ಹಾಕಿದರೆ ಮರ್ಯಾದೆ ಹೋಗುತ್ತದೆ, ಹಾಕದಿದ್ದರೆ ಓದುಗರ ಕುತೂಹಲ ಹೆಚ್ಚುತ್ತದೆ. ಲೇಖಕಿಗೆ ಮೊದಲನೆಯದರ ಚಿಂತೆ, ಪ್ರಕಾಶಕನಿಗೆ ಎರಡನೆಯದರ ಖುಷಿ. ಮುನ್ನುಡಿಯಲ್ಲಿ ತಪ್ಪದೆ ಒಂದು ಕ್ಷಮಾಪಣೆ: ಇದನ್ನು ಅಚ್ಚು ಹಾಕಿಸುವ ಇರಾದೆ ನನಗಿರಲಿಲ್ಲ, ಸ್ನೇಹಿತರು ಬಿಡಲಿಲ್ಲ, ತಪ್ಪಿದ್ದರೆ ಹೆಣ್ಣೆಂದು ಮನ್ನಿಸಿ. ಆ ಲೇಖಕಿಯರು ಹೆಸರನ್ನು ಏಕೆ ಬಚ್ಚಿಟ್ಟರು ಎಂದು ಗೈಡ್ ಪತ್ರದ ಮೇಲೆ ಪತ್ರ ಬರೆದು ಕೇಳುತ್ತಿದ್ದರು. ನಾನು ಉತ್ತರವಾಗಿ ಉದ್ದುದ್ದ ಸಿದ್ಧಾಂತ ಬರೆಯುತ್ತಿದ್ದೆ. ಓದಿದರೆ ನನಗೇ ನಿದ್ದೆ ಬರುತ್ತಿತ್ತು.

ನಮ್ಮ ಮನೆ ಇದ್ದದ್ದು ದಹ್ರಾನಿನ ಹತ್ತಿರದ ಥುಕ್ಬಾದಲ್ಲಿ, ಎರಡನೆಯ ಮಾಳಿಗೆಯಲ್ಲಿ. ಮನೆಯವರು ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಅಯ್ಯೋ ಎನ್ನಬೇಡಿ, ಆ ಬೀದಿಯ ಗಂಡಸರೆಲ್ಲ ಮಾಡುತ್ತಿದ್ದದ್ದು ಅದೇ, ಕಳ್ಳರ ಭಯಕ್ಕೋ ರೂಢಿಗೋ. ಒಳಗಿನಿಂದಲೂ ಬಾಗಿಲು ತೆರೆಯುವ ಇನ್ನೊಂದು ಕೀಲಿಕೈ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. "ನಿನ್ನ ಹತ್ತಿರ ಇನ್ನೊಂದು ಉಂಟಲ್ಲ ಮಾರಾಯ್ತಿ, ಬೇಕಾದರೆ ತೆಗಿ" ಎಂದು ಅವರೇ ಹೇಳಿದ್ದರು. ನಾನು ಒಮ್ಮೆಯೂ ಅದನ್ನು ಮೊಳೆಯಿಂದ ಇಳಿಸಲಿಲ್ಲ. ತೆರೆದ ಮೇಲೆ ಬಾಗಿಲು ಸರಿಯಾಗಿ ಮುಚ್ಚದಿದ್ದರೆ? ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ? ನನ್ನನ್ನು ತಡೆಯಲು ಬೇರೆ ಯಾರೂ ಇಲ್ಲದ್ದರಿಂದ ಆ ಕೆಲಸವನ್ನೂ ನಾನೇ ಮಾಡಿಕೊಳ್ಳಬೇಕಾಗಿತ್ತು.

ಹೀಗೆ ಒಳಗೆ ಗಿರಕಿ ಹೊಡೆಯುತ್ತಾ ಒಂದು ದಿನ ಎಂ.ಫಿಲ್. ಹಾಳೆಗಳ ಹಿಂಬದಿಯಲ್ಲಿ ಕನ್ನಡದಲ್ಲಿ ಏನೋ ಬರೆದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ. ಕನ್ನಡ ನನಗೆ ಶಾಲೆಯ ಬೆಂಚಿನಲ್ಲಿ ಸಿಕ್ಕಿದ ಭಾಷೆ. ಆದರೆ ಬೇಸರ ಬಂದಾಗ ನನ್ನ ಕೈಗೆ ಬರುವುದು ಅದೇ. ನಮ್ಮ ಊರಿನ ಕಡೆಯವರು ಅಲ್ಲಿ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಬಂಟ್ವಾಳದ ಕಡೆ ಕನ್ನಡ ಪಂಡಿತರಾಗಿದ್ದು, ಈಗ ಒಂದು ಲೇಬರ್ ಕ್ಯಾಂಪಿನಲ್ಲಿ ಹಾಜರಿ ನೋಡಿಕೊಳ್ಳುತ್ತಿದ್ದ ಇಬ್ರಾಹಿಂ ಮಾಸ್ಟ್ರು ಅದರ ಸಂಪಾದಕರು. ಬಂದ ಬರಹಗಳನ್ನೆಲ್ಲ ಅವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಪ್ರತಿಮಾಡಿ ಝೆರಾಕ್ಸ್ ತೆಗೆಸುವರು. ಪ್ರತಿಗಳು ಕೈಯಿಂದ ಕೈಗೆ, ಕ್ಯಾಂಪಿನಿಂದ ಕ್ಯಾಂಪಿಗೆ ಹೋಗಿ, ಕೊನೆಗೆ ಚಾದ ಕಲೆಗಳೊಂದಿಗೆ ಹೆಂಗಸರನ್ನು ಮುಟ್ಟುವವು.

ನನ್ನ ಬರಹವನ್ನು ಮನೆಯವರ ಕೈಯಲ್ಲಿ ಕಳಿಸಿದೆ. "ಯಾರದ್ದು ಅಂತ ಕೇಳಿದರೆ?" ಎಂದರು. "ಕಂಪನಿಯಲ್ಲಿ ಯಾರೋ ಕೊಟ್ಟದ್ದು ಅಂತ ಹೇಳಿ." "ಸುಳ್ಳಾ?" "ಗುಟ್ಟು." ಅವರು ಹೆಗಲು ಹಾರಿಸಿ ಜೇಬಿಗೆ ಹಾಕಿಕೊಂಡರು.

ಹೆಸರಿನ ಜಾಗದಲ್ಲಿ ನಾನು ಬರೆದದ್ದು 'ಮುರಾಫಿಕ್'. ಆ ದೇಶದಲ್ಲಿ ಇರಲು ಕೊಡುವ ಪರವಾನಗಿ ಇಕಾಮಾ. ನನಗೆ ಬೇರೆ ಇಕಾಮಾ ಇರಲಿಲ್ಲ. ಗಂಡನ ಇಕಾಮಾದ ಒಳಪುಟದಲ್ಲಿ ನಾನೊಂದು ಸಾಲು. ಆ ಸಾಲಿನ ಮೇಲಿದ್ದ ಅರಬಿ ಪದ ಮುರಾಫಿಕ್. ಎಂದರೆ, ಜೊತೆಗೆ ಬಂದವರು. ಹದಿನೆಂಟನೆಯ ಶತಮಾನದ ಅಕ್ಕಂದಿರಿಗೆ 'ಒಬ್ಬ ಮಹಿಳೆ' ಸಾಕಾಗಿದ್ದರೆ ನನಗೆ ಇದು ಧಾರಾಳ ಎನಿಸಿತು.

ಮಾಸ್ಟ್ರ ಪತ್ರಿಕೆಯಲ್ಲಿ ನನ್ನ ಬರಹ ಬಂತು, ಮತ್ತು ಮೆಚ್ಚುಗೆ ಗಳಿಸಿತು. ಗಳಿಸಿದ್ದು ಮಾತ್ರ ನಾನಲ್ಲ.

ನಮ್ಮ ಎದುರು ಕಟ್ಟಡದ ಕೆಳಗೆ ರಫೀಕ್ ಸಾಹೇಬರ ಜವಳಿ ಅಂಗಡಿ. ಭಟ್ಕಳದವರು, ಮಾತಿಗೆ ಮೊದಲು ನಗುವವರು. ಗುರುವಾರ ಸಂಜೆ, ಮರುದಿನ ರಜೆಯೆಂದು, ನಮ್ಮವರೆಲ್ಲ ಅಲ್ಲಿ ಸೇರಿ ಸುಲೈಮಾನಿ ಚಾ ಕುಡಿಯುತ್ತಾ ಪತ್ರಿಕೆ ಓದುವರು. ಹದಿನೆಂಟನೆಯ ಶತಮಾನದ ಲಂಡನ್ನಿನ ಕಾಫಿ ಹೌಸುಗಳಲ್ಲಿ ಗಂಡಸರು ಹೊಸ ಪುಸ್ತಕ ಹಿಡಿದು ಇದು ಯಾರು ಬರೆದದ್ದು ಎಂದು ಪಂಥ ಕಟ್ಟುತ್ತಿದ್ದ ಹಾಗೆಯೇ. ಮುರಾಫಿಕ್ ಎಂದರೆ ಜೊತೆಗಾರ; ರಫೀಕ್ ಎಂದರೂ ಜೊತೆಗಾರ. ಒಂದೇ ಬೇರಿನ ಎರಡು ಪದ. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಕ್ಯಾಂಪಿನ ಗಂಡಸರಿಗೆ ಇಕಾಮಾದ ಒಳಪುಟದ ವಿಷಯ ಏನು ಗೊತ್ತು? "ಹೋ! ನಿಮ್ಮದೇ ಹೆಸರನ್ನು ತಿರುಗಿಸಿ ಇಟ್ಟಿದ್ದೀರಲ್ಲ ಸಾಹೇಬ್ರೇ, ನಮಗೆ ಗೊತ್ತಾಗುದಿಲ್ಲ ಅಂತ ಎಣಿಸಿದ್ರಾ?" ಎಂದು ಯಾರೋ ಶುರುಮಾಡಿದರು. ರಫೀಕ್ ಸಾಹೇಬರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲ್ಲರಿಗೂ ಇನ್ನೊಂದು ಸುತ್ತು ಚಾ ತರಿಸಿದರು. ಸಾಹಿತ್ಯಲೋಕದಲ್ಲಿ ಇದಕ್ಕಿಂತ ಗಟ್ಟಿ ಪುರಾವೆ ಬೇಕೆ?

ತಪ್ಪು ಕನ್ನಡದ್ದೂ ಹೌದು. ಉರ್ದುವಿನಲ್ಲಿ ಬರೆದಿದ್ದರೆ 'ಗಯಾ' 'ಗಯೀ' ಎನ್ನುವಲ್ಲೇ ಸಿಕ್ಕಿಬೀಳುತ್ತಿದ್ದೆ. ಕನ್ನಡದಲ್ಲಿ 'ನಾನು ಹೋದೆ' ಎಂದರೆ ಹೋದದ್ದು ಗಂಡೋ ಹೆಣ್ಣೋ ದೇವರಿಗೇ ಗೊತ್ತು. ಮೇಲಾಗಿ ನಾನು ಭಯದಿಂದ ಸೀರೆ, ಬಳೆ, ಅಡುಗೆ ಎಲ್ಲವನ್ನೂ ಹೆಕ್ಕಿ ಹೆಕ್ಕಿ ತೆಗೆದಿದ್ದೆ. ಗಂಡನನ್ನು ಕೂಡ 'ನನ್ನನ್ನು ಕರೆತಂದವರು' ಎಂದೇ ಬರೆದಿದ್ದೆ. 'ನನ್ನನ್ನು ಕರೆತಂದವರು ಬೆಳಿಗ್ಗೆ ಬೀಗ ಹಾಕಿಕೊಂಡು ಹೋಗುತ್ತಾರೆ. ನಾನು ಕಿಟಕಿಗೆ ಅಂಟಿಸಿದ ಹಾಳೆಯ ಮೂಲೆ ಎತ್ತಿ ಹೊರಗೆ ನೋಡುತ್ತೇನೆ. ಎದುರು ಕಿಟಕಿಯಲ್ಲೂ ನನ್ನಂಥವಳೇ.'

ಇಡೀ ಬರಹದಲ್ಲಿ ನನ್ನ ಕೈ ಮೀರಿ ಉಳಿದದ್ದು ಅದೊಂದೇ, 'ನನ್ನಂಥವಳೇ'. ಪತ್ರಿಕೆ ನನ್ನ ಕೈಗೆ ಬಂದಾಗ ಮೊದಲು ಹುಡುಕಿದ್ದೂ ಅದನ್ನೇ. ಅಲ್ಲಿ ಮಾಸ್ಟ್ರ ಮುತ್ತಿನಂಥ ಅಕ್ಷರ ಹೀಗಿತ್ತು: 'ಎದುರು ಕಿಟಕಿಯಲ್ಲೂ ನನ್ನಂಥವನೇ.'

ಗಂಡಸಿನ ಕೈಯಿಂದ ಬಂದದ್ದು, ಬರೆದವನೂ ಗಂಡಸೇ ಎಂದುಕೊಂಡ ಮೇಲೆ ಕೈತಪ್ಪು ತಿದ್ದುವುದು ಪಂಡಿತರ ಧರ್ಮ. ಮುಳ್ಳು ಮುರಿದು ಉಳಿದ ಹಾಗೆ ಆ 'ನ' ನನ್ನೊಳಗೆ ಉಳಿಯಿತು. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಎ.ಸಿ. ಗುಂಯ್‌ಗುಟ್ಟುವಾಗ ಅದೇ. ನಾನು ಕಾಣೆಯಾದದ್ದು ನನ್ನ ಇಚ್ಛೆಯಿಂದ. ಆ ಕಿಟಕಿಯವಳು ಏನು ಪಾಪ ಮಾಡಿದ್ದಳು? ಅವಳು ಯಾರೆಂದು ನನಗೆ ಗೊತ್ತಿತ್ತಷ್ಟೆ, ಮಾತು ಆಡಿರಲಿಲ್ಲ. ರಫೀಕ್ ಸಾಹೇಬರ ಹೆಂಡತಿ. ಬೆಳಿಗ್ಗೆ ಬೀದಿ ಖಾಲಿಯಾದ ಮೇಲೆ ಅವಳ ಕಿಟಕಿಯ ಹಾಳೆಯ ಮೂಲೆಯೂ ಎದ್ದುಕೊಳ್ಳುತ್ತಿತ್ತು. ನಾವು ತಲೆ ಆಡಿಸುತ್ತಿದ್ದೆವು. ಮತ್ತೆ ಹಾಳೆ ಇಳಿಯುತ್ತಿತ್ತು.

ಅಷ್ಟರಲ್ಲಿ ಮನೆಯವರು ಒಂದು ಸುದ್ದಿ ತಂದರು. ಪತ್ರಿಕೆಯ ವಿಶೇಷ ಸಂಚಿಕೆಯನ್ನು ಮಂಗಳೂರಿನ ಪ್ರೆಸ್ಸಿನಲ್ಲಿ, ನಿಜವಾದ ಅಚ್ಚಿನಲ್ಲಿ ತರುತ್ತಾರಂತೆ. ಮಾಸ್ಟ್ರು ಶುಕ್ರವಾರ ಊರಿಗೆ ಹೊರಡುವವರು, ಹಸ್ತಪ್ರತಿ ಅವರ ಪೆಟ್ಟಿಗೆಯಲ್ಲಿ ಹೋಗುತ್ತದಂತೆ. "ಗುಟ್ಟಿನ ಹೆಸರೆಲ್ಲ ಬೇಡ, ಎಲ್ಲರದ್ದೂ ನಿಜವಾದ ಹೆಸರು ಹಾಕುದು ಅಂತ ಮಾಡಿದ್ದಾರೆ. ಮುರಾಫಿಕ್ ಅಂದರೆ ರಫೀಕ್ ಸಾಹೇಬ್ರು ಅಂತ ಬರೆದೂ ಆಗಿದೆ. ಎಂತ ಮಾಡ್ತಿ?"

"ನೀವು ಹೇಳಿ."

"ನಾನು ಎಂತ ಹೇಳುದು? ಬರೆದದ್ದು ನಾನಾ?"

ಇದು ಮಂಗಳವಾರ. ಅಲ್ಲಿಂದ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ. ಹೇಳಿದರೆ ಊರಲ್ಲಿ ಅತ್ತೆ ಓದುತ್ತಾರೆ, ಮಗ ಬೀಗ ಹಾಕುತ್ತಾನೆಂದು ಸೊಸೆ ಅಚ್ಚು ಹಾಕಿಸಿದ್ದಾಳೆ ಎನ್ನುತ್ತಾರೆ. ಹೇಳದಿದ್ದರೆ ಸೀಸದ ಅಕ್ಷರದಲ್ಲಿ ನಾನು ಶಾಶ್ವತವಾಗಿ ಭಟ್ಕಳದ ಜವಳಿ ವ್ಯಾಪಾರಿ. ಇನ್ನೂರು ವರ್ಷ ಕಳೆದು ಯಾವಳೋ ಎಂ.ಫಿಲ್. ಮಾಡುವಾಗ ನನ್ನನ್ನು ಹುಡುಕುವಳೆಂದು ಬೇರೆ ಕಲ್ಪಿಸಿಕೊಂಡೆ. ದುರಾಸೆಗೆ ಮಿತಿ ಎಲ್ಲಿದೆ?

ಗುರುವಾರ ಸಂಜೆ ಲೈನಿಂಗ್ ಬಟ್ಟೆಯ ನೆಪ ಹಿಡಿದು ಮನೆಯವರೊಂದಿಗೆ ಅಂಗಡಿಗೆ ಹೋದೆ. ಮಾಸ್ಟ್ರು ಇದ್ದರು, ನಾಲ್ಕೈದು ಜನ ಇದ್ದರು, ರಫೀಕ್ ಸಾಹೇಬರ ಶರ್ಟಿನ ಜೇಬಿನಲ್ಲಿ ಹೊಳೆಯುವ ಹೊಸ ಪೆನ್ನು ಇತ್ತು. ಹೆಂಗಸರ ಬಟ್ಟೆಗಳಿದ್ದ ಭಾಗಕ್ಕೆ ಅಡ್ಡ ಪರದೆ. ಪರದೆಯ ಒಳಗೆ, ಥಾನುಗಳ ನಡುವೆ, ಕಿಟಕಿಯವಳು! ಮೇಲಿನ ಮನೆಯಿಂದ ಅಂಗಡಿಗೆ ಒಳಮೆಟ್ಟಿಲಿತ್ತು. ಗುರುವಾರ ಹೆಂಗಸರಿಗೆ ಬಟ್ಟೆ ತೋರಿಸಲು ಅವಳನ್ನು ಇಳಿಸುತ್ತಿದ್ದರು.

ಅಷ್ಟರಲ್ಲಿ ಮಗ್ರಿಬ್ ನಮಾಜಿನ ಬಾಂಗ್ ಆಯಿತು. ಗಂಡಸರು ಚಾ ಬಿಟ್ಟು ಎದ್ದು, ಶಟರ್ ಎಳೆದು ಮಸೀದಿಗೆ ನಡೆದರು. ಒಳಗೆ ಒಂದು ಟ್ಯೂಬ್‌ಲೈಟು ಮತ್ತು ನಾವಿಬ್ಬರು. ಮೂಲೆಯಲ್ಲೇ ನಮ್ಮ ಮಗ್ರಿಬನ್ನೂ ಮುಗಿಸಿ, ಚಾಪೆ ಮಡಚುವಾಗ ಅವಳೇ ಬಾಯಿ ತೆರೆದಳು.

"ಭಾಭಿ, ಆ ಬರೆದದ್ದು ನೀವೇ ಅಲ್ವಾ?"

"ಯಾರು ಹೇಳಿದ್ದು?" ಎಂದೆ. ಅಲ್ಲ ಎನ್ನುವವರು ಹಾಗೆ ಕೇಳುವುದಿಲ್ಲ.

"ಯಾರು ಹೇಳೂದು ಯಾಕೆ? ಇವರು ನನಗೆ ಓದಿ ಹೇಳಿದ್ರು. ಎದುರು ಕಿಟಕಿಯಲ್ಲೂ ನನ್ನಂಥವನೇ ಅಂತೆ! ಆ ಕಿಟಕಿಯಲ್ಲಿ ನಿಲ್ಲೂದು ನಾನು. ನನ್ನ ಎದುರು ನಿಲ್ಲೂದು ನೀವು. ನಡುವೆ ಗಂಡಸು ಎಲ್ಲಿಂದ ಬಂದ?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ನೀವು ನಗ್ತೀರಿ. ನನ್ನ ಅವಸ್ಥೆ ಗೊತ್ತುಂಟಾ? ಇವರಿಗೆ ವೀಸಾ ಕಳಿಸಿ ಇಲ್ಲಿಗೆ ಕರೆತಂದದ್ದು ನನ್ನ ಅಣ್ಣ. ಅಂಗಡಿಯಲ್ಲೂ ಅವನ ಪಾಲುಂಟು. ಈಗ 'ಕರೆತಂದವರು ಬೀಗ ಹಾಕ್ತಾರೆ' ಅಂದ್ರೆ ಜನ ಯಾರನ್ನು ಹೇಳೂದು? ನನ್ನನ್ನು! ಮೊನ್ನೆ ಒಂದು ಊಟದಲ್ಲಿ ಹೆಂಗಸರೆಲ್ಲ ಸೇರಿ, 'ಬಿಲ್ಕೀಸ್, ಇವತ್ತು ಗಂಡನಿಗೆ ಬೀಗ ಹಾಕಿಯೇ ಬಂದ್ಯಾ?' ಅಂತ ಕೇಳಿ ನಗ್ತಾರೆ. ನಾನು ಎಂತ ಹೇಳಲಿ? ಕೀಲಿಕೈ ಇರೂದು ಅವರ ಜೇಬಲ್ಲಿ. ನೀವು ಬರೆದ ಹಾಗೆ ಮೊಳೆಯಲ್ಲಿ ಇನ್ನೊಂದು ಸಹ ನನಗೆ ಇಲ್ಲ."

ಅವಳ ಹೆಸರು ಬಿಲ್ಕೀಸ್ ಎಂದು ನನಗೆ ತಿಳಿದದ್ದೇ ಆಗ. ಅದೂ ಬೇರೆಯವರು ಗೇಲಿ ಮಾಡಿದ ಮಾತಿನೊಳಗಿನಿಂದ.

ಹೆಸರಿಲ್ಲದೆ ಬರೆದರೆ ಯಾರಿಗೂ ತೊಂದರೆಯಿಲ್ಲ ಎಂದು ನಾನು ನಂಬಿದ್ದೆ. ಗೈಡ್‌ಗೆ ಬರೆದ ಹಾಳೆಗಳಲ್ಲೂ ಹೆಸರಿಲ್ಲದಿರುವುದೊಂದು ಆಶ್ರಯ, ಕೊಡೆ, ಇನ್ನೇನೋ ಎಂದೆಲ್ಲ ಬರೆದಿದ್ದೆ. ಖಾಲಿ ಬಿಟ್ಟ ಜಾಗದಲ್ಲಿ ಯಾರಾದರೂ ಬಂದು ಕೂರುತ್ತಾರೆ, ಕೂತವರ ಭಾರ ಇನ್ಯಾರದೋ ಮೇಲೆ ಬೀಳುತ್ತದೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಬೀಗದೊಳಗೆ ಇದ್ದವಳನ್ನೇ ನನ್ನ ಬರಹ ಬೀಗ ಹಾಕುವವಳನ್ನಾಗಿ ಮಾಡಿತ್ತು.

ಶಟರ್ ಎದ್ದಿತು. ಗಂಡಸರು ಬಂದು ಕೂತರು. ಮಾಸ್ಟ್ರು, "ಹಾಗಾದರೆ ನಾಳೆಗೆ ನನ್ನ ಪೆಟ್ಟಿಗೆ ಕಟ್ಟಿ ಆಯಿತು. ಸಾಹೇಬ್ರೇ, ನಿಮ್ಮ ಪೂರ್ತಿ ಹೆಸರು ಹಾಕುದಾ, ಬರೀ ರಫೀಕ್ ಅಂತಲಾ?" ಎಂದರು. ಬಿಲ್ಕೀಸ್ ನನ್ನನ್ನೇ ನೋಡುತ್ತಿದ್ದಳು. ಕಿಟಕಿಯಲ್ಲಿ ನೋಡುವ ಹಾಗಲ್ಲ, ಸಾಲ ಕೊಟ್ಟವರು ನೋಡುವ ಹಾಗೆ.

"ಮಾಸ್ಟ್ರೇ," ಎಂದೆ ಪರದೆಯ ಒಳಗಿನಿಂದ. "ನೀವು ಅದರಲ್ಲಿ ಒಂದು ಅಕ್ಷರ ತಿದ್ದಿದ್ದೀರಿ."

ಹೊರಗೆ ಲೋಟಗಳು ನಿಂತವು. "ಯಾವ ಅಕ್ಷರ?"

"ಕಿಟಕಿಯ ಸಾಲಿನಲ್ಲಿ. ಮೂಲದಲ್ಲಿ 'ನನ್ನಂಥವಳೇ' ಅಂತ ಇತ್ತು. ನೀವು 'ನನ್ನಂಥವನೇ' ಮಾಡಿದ್ರಿ."

ಆ ತಿದ್ದುಪಡಿ ಮಾಸ್ಟ್ರಿಗೆ ಮತ್ತು ಬರೆದವರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. "ಅದು ಕೈತಪ್ಪು ಅಂತ ಎಣಿಸಿದೆ," ಎಂದರು ಮೆಲ್ಲಗೆ.

"ಕೈತಪ್ಪಲ್ಲ."

ರಫೀಕ್ ಸಾಹೇಬರು ಮೊದಲು ಚೇತರಿಸಿಕೊಂಡರು. "ಅರೇ, ನಾನು ಬರೆದೆ ಅಂತ ನಾನು ಯಾವಾಗ ಹೇಳಿದೆ? ಹೇಳಿದ್ದೆಲ್ಲ ನೀವು. ನಾನು ಚಾ ಕೊಟ್ಟೆ, ಅಷ್ಟೆ!"

"ಮತ್ತೆ ಆ ಹೊಸ ಪೆನ್ನು?" ಎಂದಳು ಬಿಲ್ಕೀಸ್, ಪರದೆಯೊಳಗಿನಿಂದ, ಎಲ್ಲರಿಗೂ ಕೇಳುವಂತೆ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು, ಪಾಪ, ಬೇರೆ ದಾರಿ ಇರಲಿಲ್ಲ.

ನಗು ನಿಂತ ಮೇಲೆ ಮಾಸ್ಟ್ರು ಕೇಳಿದರು, "ಹಾಗಾದರೆ ಹೆಸರು ಎಂತ ಹಾಕುದಮ್ಮ?" ನಾನು ಪರದೆಯ ಸಂದಿನಿಂದ ಮನೆಯವರನ್ನು ನೋಡಿದೆ. "ನನ್ನನ್ನು ಎಂತಕ್ಕೆ ನೋಡುದು? ನನ್ನ ಹೆಸರು ಹಾಕ್ಲಿಕ್ಕುಂಟಾ?" ಎಂದರು ಅವರು. ನಾಲಿಗೆಯವರೆಗೆ ಬಂದ ನನ್ನ ಹೆಸರು ಊರಿನಲ್ಲಿದ್ದ ಅತ್ತೆಯ ಮುಖ ನೆನಪಾಗಿ ವಾಪಸು ಹೋಯಿತು. "ಹೆಸರು ಮುರಾಫಿಕ್ ಅಂತಲೇ ಇರಲಿ," ಎಂದೆ. "ಆ ಅಕ್ಷರ ಸರಿಮಾಡಿ. ಬೀಗ ಹಾಕುವವರು ಗಂಡ ಅಂತ ಸ್ಪಷ್ಟವಾಗಿ ಬರೆಯಿರಿ."

ಮುಂದಿನ ವಾರದ ಒಂದು ಬೆಳಿಗ್ಗೆ ಎದುರು ಕಿಟಕಿಯ ಹಾಳೆ ಮೂಲೆಯಷ್ಟೇ ಅಲ್ಲ, ಅರ್ಧಕ್ಕೆ ಎದ್ದಿತು. ಬಿಲ್ಕೀಸ್ ಗಾಜಿಗೆ ಏನನ್ನೋ ಒತ್ತಿ ಹಿಡಿದಿದ್ದಳು. ಕಣ್ಣು ಕಿರಿದು ಮಾಡಿ ನೋಡಿದೆ. ಕೀಲಿಕೈ. ಹೊಸದು, ಬಿಸಿಲಿಗೆ ಮಿಂಚುತ್ತಿತ್ತು. ಗೇಲಿಗೆ ಹೆದರಿ ಸಾಹೇಬರು ಮಾಡಿಸಿಕೊಟ್ಟರಂತೆ. ನಾನೂ ಓಡಿಹೋಗಿ ಮೊಳೆಯಿಂದ ನನ್ನದನ್ನು ಇಳಿಸಿ ತಂದು ತೋರಿಸಿದೆ. ಇಬ್ಬರೂ ಹೊರಗೇನೂ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಆದರೆ ಆ ಮೊಳೆ ಅಂದಿನಿಂದ ಖಾಲಿಯೇ ಉಳಿಯಿತು; ಕೀಲಿಕೈ ನನ್ನ ಸೆರಗಿನಲ್ಲಿ ಇರುತ್ತಿತ್ತು.

ವಿಶೇಷ ಸಂಚಿಕೆ ಬಂತು. 'ನನ್ನಂಥವಳೇ' ಸರಿಯಾಗಿತ್ತು, ಸೀಸದ ಅಕ್ಷರದಲ್ಲಿ, ದಪ್ಪ 'ಳ'. ಮೇಲೆ ಮುರಾಫಿಕ್ ಎಂದಿತ್ತು. ಅದರ ಕೆಳಗೆ ಮಾಸ್ಟ್ರು, ಮತ್ತೆ ಯಾರೂ ಎಡವಬಾರದೆಂದು, ಸ್ವಂತ ಬುದ್ಧಿಯಿಂದ ಒಂದು ಸಾಲು ಸೇರಿಸಿದ್ದರು: 'ಒಬ್ಬ ಮಹಿಳೆಯಿಂದ.' ಇಂಗ್ಲೆಂಡಿನ ಮುಖಪುಟಗಳನ್ನು ಅವರು ಜನ್ಮದಲ್ಲಿ ನೋಡಿದವರಲ್ಲ. ನನ್ನ ಎಂ.ಫಿಲ್. ಅಲ್ಲಿಗೆ ನಿಂತಿತು. ಮುಗಿಯಿತು ಎಂದರೂ ನಡೆದೀತು.

ಇದನ್ನೆಲ್ಲ ಹೇಳುತ್ತಾ ನಿಮ್ಮನ್ನು ಪೆಟ್ಟಿಗೆಗಳ ನಡುವೆ ನಿಲ್ಲಿಸಿಬಿಟ್ಟೆ. ಲಾರಿ ಬಂದಾಗಿದೆ, ಕೆಳಗೆ ಹಾರ್ನು ಕೇಳುತ್ತಿದೆ. ಕುತ್ತಿಗೆಯಿಲ್ಲದ ಆ ಲೇಖಕಿಯನ್ನು ಒಳಗಿಟ್ಟು ಟೇಪು ಎಳೆದೆ. ಮಾರ್ಕರಿನ ಮುಚ್ಚಳ ತೆಗೆದು, ಪುಸ್ತಕದ ಪೆಟ್ಟಿಗೆಯ ಮೇಲೆ ನನ್ನ ಹೆಸರು ಬರೆದೆ. ಬರೆದು ಮುಗಿಸುವಷ್ಟರಲ್ಲಿ ಕೈ ತಾನಾಗಿಯೇ ಕೆಳಗಿನ ಸಾಲಿಗೆ ಇಳಿದು, ಮನೆಯವರ ಹೆಸರು ಸೇರಿಸಲೆಂದು 'ಕೇರ್ ಆಫ್' ಎಂದು ಬರೆದುಬಿಟ್ಟಿತ್ತು.

ಆ ಎರಡು ಪದಗಳ ಮೇಲೆ ಮಾರ್ಕರ್ ಇಟ್ಟು, ಆ ಅಧಿಕಾರಿ ಮಾಡಿದಷ್ಟೇ ನೀಟಾಗಿ, ಅಂಚು ಬಿಡದೆ ಕಪ್ಪು ತುಂಬಿದೆ. ಒಣಗಲೆಂದು ಎರಡು ಸಲ ಊದಿದೆ.